ಪೆರ್ರಿ ರ‍್ಯಾಲಿಗೆ ಮೂರು ಸಂಸಾರ, ಮೂರು ಗಾಡಿ

ಓದುಗರ ಪ್ರಶ್ನೆ: ನಾವು ಅಟ್ಲಾಂಟಾ ಪಕ್ಕದ ಆಲ್ಫರೆಟಾದಲ್ಲಿದ್ದೇವೆ. ನಮ್ಮ ಇಬ್ಬರು ಸ್ನೇಹಿತರ ಹತ್ತಿರ ಅಡುಗೆಮನೆ, ಮಂಚ, ಟಾಯ್ಲೆಟ್ ಎಲ್ಲ ಇರುವ ಓಡಾಡುವ ಮನೆ, ಅಂದರೆ ಮೋಟರ್‌ಹೋಮ್ ಇದೆ. ಒಬ್ಬರದು ಬಸ್ಸಿನಷ್ಟು ದೊಡ್ಡ ಕ್ಲಾಸ್ ಎ, ಇನ್ನೊಬ್ಬರದು ಅದಕ್ಕಿಂತ ಚಿಕ್ಕ, ವ್ಯಾನಿನ ಚಾಸಿ ಮೇಲೆ ಕಟ್ಟಿದ ಸೆಕೆಂಡ್ ಹ್ಯಾಂಡ್ ಕ್ಲಾಸ್ ಸಿ. ಮಾರ್ಚ್‌ನಲ್ಲಿ ನಮ್ಮ ಜಾರ್ಜಿಯಾದ ಪೆರ್ರಿಯಲ್ಲಿ ಮೋಟರ್‌ಹೋಮ್ ಮಾಲೀಕರ ರ‍್ಯಾಲಿ ಇದೆ, ನೀವೂ ಬನ್ನಿ ಅಂತ ಒತ್ತಾಯ ಮಾಡುತ್ತಿದ್ದಾರೆ. ನಮಗೆ ಗಾಡಿ ಇಲ್ಲ. ಒಂದು ಕ್ಲಾಸ್ ಸಿ ಬಾಡಿಗೆಗೆ ತೆಗೆದುಕೊಂಡರಾಯಿತು ಅನ್ನುತ್ತಾರೆ ಯಜಮಾನರು. ಇಷ್ಟವಾದರೆ ಮುಂದೆ ಕೊಳ್ಳುವ ಆಸೆಯೂ ಅವರಿಗಿದೆ. ಇಬ್ಬರು ಮಕ್ಕಳು, ಜತೆಗೆ ಹಾಸನದಿಂದ ಬಂದಿರುವ ಅತ್ತೆ. ನಾವು ಸಸ್ಯಾಹಾರಿಗಳು. ಅಲ್ಲಿ ನಾಲ್ಕು ದಿನ ಏನು ಮಾಡುತ್ತಾರೆ? ಅಡುಗೆ, ಕರೆಂಟು, ಟಾಯ್ಲೆಟ್ ಹೇಗೆ? ಬರೀ ರಿಟೈರ್ ಆದ ಅಮೆರಿಕನ್ನರೇ ಇರುತ್ತಾರಂತೆ, ನಮಗೇನು ಕೆಲಸ ಅಲ್ಲಿ? ಮೂರು ಸಂಸಾರ ಜಗಳ ಇಲ್ಲದೆ ವಾಪಸು ಬರುತ್ತೇವಾ?

ಉತ್ತರ: ಹೋಗಿ ಬನ್ನಿ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಗೆಳೆಯರ ಜತೆ ಹೋಗಿ, ನಾಲ್ಕು ದಿನವೂ ಗೆಳೆಯರ ಜತೆಗೇ ಕೂತಿರಬೇಡಿ. ಮೂರು ಗಾಡಿ ಸಾಲಾಗಿ ನಿಲ್ಲಿಸಿ, ನಡುವೆ ಕುರ್ಚಿ ಹಾಕಿಕೊಂಡು, ಇಸ್ಪೀಟು, ಚುರುಮುರಿ, ಅಂತ್ಯಾಕ್ಷರಿ ಅಂತ ನಮ್ಮ ನಮ್ಮಲ್ಲೇ ಕಾಲ ಕಳೆಯುವುದಾದರೆ ಪೆರ್ರಿ ತನಕ ಯಾಕೆ ಹೋಗಬೇಕು? ಲೇಕ್ ಲೇನಿಯರ್ ದಂಡೆ ಸಾಕು, ಖರ್ಚೂ ಕಡಿಮೆ. ಪೆರ್ರಿ ಊರಲ್ಲಿ ನೋಡುವಂಥದ್ದು ಜಾಸ್ತಿ ಏನಿಲ್ಲ. ಅಲ್ಲಿಗೆ ಬರುವ ಜನರಿಗೋಸ್ಕರ ಹೋಗಬೇಕು. ಎಷ್ಟೋ ವರ್ಷ ಗಾಡಿ ಓಡಿಸಿ, ಕೆಡಿಸಿ, ರಿಪೇರಿ ಮಾಡಿಸಿ ಪಳಗಿದವರು ನೂರಾರು ಮಂದಿ ಒಂದೇ ಮೈದಾನದಲ್ಲಿ ಸಿಗುತ್ತಾರೆ. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ. ಗಾಡಿ ಕೊಳ್ಳುವ ಆಸೆ ಇರುವವರು ಇದನ್ನು ಬಿಟ್ಟು ಮೂಲೆಯಲ್ಲಿ ಕೂತರೆ ಹೇಗೆ?

ಅತ್ತೆಯವರಿಗೆ ರ‍್ಯಾಲಿ ಅಂದರೇನು ಅಂತ ಹೇಳುವುದು ಸುಲಭ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಅನ್ನಿ, ಥಟ್ಟನೆ ಅರ್ಥವಾಗುತ್ತದೆ. ಜನ ಎತ್ತು ಹೊಡೆದುಕೊಂಡು ಬಂದು, ಅಲ್ಲೇ ಬೀಡು ಬಿಟ್ಟು, ಅಲ್ಲೇ ಬೇಯಿಸಿಕೊಂಡು, ಪಕ್ಕದವರ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಾರಲ್ಲ, ಇಲ್ಲೂ ಹಾಗೇ. ಇಲ್ಲಿ ಹಲ್ಲಿನ ಬದಲು ಟೈರು ನೋಡುತ್ತಾರೆ.

ಇದು ಶುರುವಾದ ಬಗೆಯೂ ಚೆನ್ನಾಗಿದೆ. 1963ರ ಜುಲೈ 20ರಂದು ಪೂರ್ಣ ಸೂರ್ಯಗ್ರಹಣ. ಅದನ್ನು ನೋಡಲು 26 ಸಂಸಾರಗಳು ಓಡಾಡುವ ಮನೆಗಳನ್ನು ಓಡಿಸಿಕೊಂಡು ಮೇನ್ ರಾಜ್ಯದ ಹಿಂಕ್ಲಿ ಎಂಬಲ್ಲಿನ ಶಾಲೆಯೊಂದರಲ್ಲಿ ಸೇರಿದವು. ಮೋಟರ್‌ಹೋಮ್ ಆಗಿನ್ನೂ ಅಂಗಡಿಗೆ ಹೋಗಿ ಕೊಳ್ಳುವ ವಸ್ತುವಾಗಿರಲಿಲ್ಲ. ವಿನ್ನೆಬೇಗೊ ಕಂಪನಿ ಮೊದಲ ಮೋಟರ್‌ಹೋಮ್ ತಂದದ್ದೇ 1966ರಲ್ಲಿ. ಹಳೆಯ ಬಸ್ಸು ಕೊಂಡು, ಸೀಟು ಕಿತ್ತು, ಒಲೆ, ಮಂಚ ಕೂರಿಸಿಕೊಂಡು ಓಡಾಡುವವರ ಕಾಲ ಅದು. ಗ್ರಹಣ ಮುಗಿಯಿತು, ಸ್ನೇಹ ಉಳಿಯಿತು. ಅಲ್ಲೇ ಫ್ಯಾಮಿಲಿ ಮೋಟರ್ ಕೋಚ್ ಅಸೋಸಿಯೇಷನ್, ಅಂದರೆ ಎಫ್‌ಎಂಸಿಎ, ಹುಟ್ಟಿತು. ಈಗ ಅದು ಫ್ಯಾಮಿಲಿ ಆರ್‌ವಿ ಅಸೋಸಿಯೇಷನ್ ಅಂತ ಹೆಸರು ಬದಲಾಯಿಸಿಕೊಂಡಿದೆ. 2019, 2021, 2023, 2025ರ ಮಾರ್ಚ್‌ಗಳಲ್ಲಿ ಅವರ ದೊಡ್ಡ ರ‍್ಯಾಲಿ ನಡೆದದ್ದು ಪೆರ್ರಿಯ ಜಾರ್ಜಿಯಾ ನ್ಯಾಷನಲ್ ಫೇರ್‌ಗ್ರೌಂಡ್ಸ್‌ನಲ್ಲೇ.

ಈ ಸಂಘದ್ದಲ್ಲದೆ, ಒಂದೊಂದು ಕಂಪನಿಯ ಗಾಡಿ ಇರುವವರ ಕ್ಲಬ್ಬುಗಳು, ರಾಜ್ಯವಾರು ಶಾಖೆಗಳು ಬೇರೆ ಬೇರೆ ರ‍್ಯಾಲಿ ಮಾಡುತ್ತವೆ. ನಿಮ್ಮ ಸ್ನೇಹಿತರು ಹೇಳುತ್ತಿರುವುದು ಯಾವುದು ಅಂತ ಮೊದಲು ಕೇಳಿಕೊಳ್ಳಿ. ಆಮೇಲೆ ಅದನ್ನು ನಡೆಸುವವರಿಗೆ ಒಂದು ಫೋನ್ ಮಾಡಿ. ಸದಸ್ಯರಲ್ಲದವರು ಬರಬಹುದಾ? ಬಾಡಿಗೆ ಗಾಡಿಗೆ ಜಾಗ ಕೊಡುತ್ತೀರಾ? ಕೆಲವು ಕ್ಲಬ್ಬುಗಳು ತಮ್ಮ ಕಂಪನಿಯ ಗಾಡಿ ಬಿಟ್ಟು ಬೇರೆಯದನ್ನು ಒಳಗೆ ಸೇರಿಸುವುದಿಲ್ಲ. ಇದನ್ನು ವಿಚಾರಿಸದೆ ಬಾಡಿಗೆ ಕಂಪನಿಗೆ ಅಡ್ವಾನ್ಸ್ ಕಟ್ಟಬೇಡಿ.

ನಾಲ್ಕು ದಿನ ಏನು ಮಾಡುತ್ತಾರೆ ಅಂದಿರಿ. ಬೆಳಗ್ಗೆಯಿಂದ ಸಂಜೆವರೆಗೆ ಸೆಮಿನಾರುಗಳು. ಟೈರು, ಬ್ಯಾಟರಿ, ಸೋಲಾರ್, ಬೆಂಕಿ ಬಿದ್ದರೆ ಏನು ಮಾಡಬೇಕು, ದೊಡ್ಡ ಗಾಡಿ ಓಡಿಸುವುದು, ಹೀಗೆ. ಒಂದು ಕಡೆ ಸಾಮಾನು ಮಾರುವವರ ಮಳಿಗೆಗಳು, ಇನ್ನೊಂದು ಕಡೆ ಡೀಲರುಗಳು ಸಾಲಾಗಿ ನಿಲ್ಲಿಸಿದ ಹೊಸ ಗಾಡಿಗಳು. ಯಾವ ಗಾಡಿಯೊಳಗೆ ಬೇಕಾದರೂ ಹತ್ತಿ ನೋಡಬಹುದು. ಸಂಜೆ ಹಾಡು, ಐಸ್‌ಕ್ರೀಮು, ಶಾಖೆಗಳ ಊಟ. ಮೊದಲ ಸಲ ಬಂದವರಿಗೆ ಅಂತಲೇ ಒಂದು ಪರಿಚಯ ಸಭೆ ಇರುತ್ತದೆ. ಅದನ್ನು ತಪ್ಪಿಸಬೇಡಿ. ಉಳಿದದ್ದರಲ್ಲಿ ದಿನಕ್ಕೆ ಎರಡು ಸೆಮಿನಾರ್ ಸಾಕು. ಕಾರ್ಯಕ್ರಮದ ಪುಸ್ತಕದಲ್ಲಿರುವ ಪ್ರತಿಯೊಂದಕ್ಕೂ ಓಡಿದರೆ ಎರಡನೇ ದಿನಕ್ಕೇ ಸುಸ್ತಾಗುತ್ತೀರಿ.

ಇನ್ನು ಮೂರು ಗಾಡಿಯ ವಿಷಯ. ರ‍್ಯಾಲಿಗೆ ಸ್ನೇಹಿತರ ಜತೆ ಹೋಗುವವರು ಮೊದಲು ಎಡವುವುದು ಪಾರ್ಕಿಂಗ್‌ನಲ್ಲಿ. ಕ್ಯಾಂಪ್‌ಗ್ರೌಂಡ್ ಥರ ನಂಬರು ಹಾಕಿದ ಜಾಗ ಮೊದಲೇ ಗೊತ್ತಾಗುವುದಿಲ್ಲ. ಬಂದ ಬಂದ ಹಾಗೆ ಸಾಲಿನಲ್ಲಿ ನಿಲ್ಲಿಸುತ್ತಾ ಹೋಗುತ್ತಾರೆ. ಅಕ್ಕಪಕ್ಕ ನಿಲ್ಲಬೇಕು ಅಂದರೆ ಗೇಟಿಗೆ ಒಟ್ಟಿಗೇ ಬರಬೇಕು. ಒಬ್ಬರು ಹನ್ನೊಂದಕ್ಕೆ, ಇನ್ನೊಬ್ಬರು ಎರಡಕ್ಕೆ ಬಂದರೆ ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ. ಆಮೇಲೆ ಯಾರನ್ನು ಬೇಡಿಕೊಂಡರೂ ಗಾಡಿ ಬದಲಿಸಿ ನಿಲ್ಲಿಸಲು ಬಿಡುವುದಿಲ್ಲ, ಬಿಡಬಾರದು ಕೂಡ. ನಾನು ಹಳದಿ ಜಾಕೆಟ್ ಹಾಕಿಕೊಂಡು ಪಾರ್ಕಿಂಗ್ ಸ್ವಯಂಸೇವಕನಾಗಿ ನಿಂತವನು. ‘ನಮ್ಮ ಫ್ರೆಂಡ್ಸ್ ಹಿಂದೆ ಬರ್ತಿದಾರೆ, ಪಕ್ಕದ ಜಾಗ ಹಿಡಿದಿಡಿ’ ಅನ್ನುವವರು ಗಂಟೆಗೊಬ್ಬರು ಸಿಗುತ್ತಾರೆ.

ಅದಕ್ಕೆ ನೀವು ಮಾಡಬೇಕಾದದ್ದು ಇಷ್ಟು. ಮೂವರೂ ಐ-75 ಹೆದ್ದಾರಿಯ ಎಕ್ಸಿಟ್ 144ರ ದೊಡ್ಡ ಪೆಟ್ರೋಲ್ ಬಂಕ್ ಬಕೀಸ್‌ನಲ್ಲಿ ಸೇರಿ. ಅಲ್ಲಿಂದ ಫೇರ್‌ಗ್ರೌಂಡ್ಸ್‌ನ ಎಕ್ಸಿಟ್ 135ಕ್ಕೆ 9 ಮೈಲಿ. ಬಕೀಸ್‌ನಲ್ಲಿ ದೊಡ್ಡ ಲಾರಿಗಳಿಗೆ ಪ್ರವೇಶ ಇಲ್ಲ, ಮೋಟರ್‌ಹೋಮ್‌ಗೆ ಅಡ್ಡಿಯಿಲ್ಲ. ಅಲ್ಲೇ ಪೆಟ್ರೋಲ್ ಫುಲ್ ಮಾಡಿಸಿ. ಇದು ಸುಮ್ನೆ ಹೇಳಿದ ಮಾತಲ್ಲ. ಕ್ಲಾಸ್ ಸಿ ಗಾಡಿಗಳಲ್ಲಿ ಜನರೇಟರ್ ಕೂಡ ಅದೇ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದರೆ ತಾನೇ ನಿಂತುಹೋಗುತ್ತದೆ. ಜನರೇಟರ್ ಓಡಿಸಿ ಊರಿಗೆ ಹೋಗಲು ಪೆಟ್ರೋಲ್ ಇಲ್ಲದಂತಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಎಲ್ಲರೂ ಸೇರಿದ ಮೇಲೆ ಒಂದರ ಹಿಂದೆ ಒಂದು ಹೊರಡಿ.

ಒಂದು ಸಿಕ್ಕು ಇದೆ. ಕರೆಂಟಿನ ಬಗೆ ಬೇರೆಯಾದರೆ ಜಾಗವೂ ಬೇರೆಯಾಗಬಹುದು. ನಿಮ್ಮ ಕ್ಲಾಸ್ ಎ ಸ್ನೇಹಿತರು 50 ಆಂಪ್‌ಗೆ ದುಡ್ಡು ಕಟ್ಟಿ, ನೀವು 30 ಆಂಪ್‌ಗೆ ಕಟ್ಟಿದರೆ, ಬಕೀಸ್‌ನಿಂದ ಎಷ್ಟು ಒಟ್ಟಾಗಿ ಹೋದರೂ ಗೇಟಿನಲ್ಲಿ ಬೇರೆ ಬೇರೆ ಕಡೆ ಕೈ ತೋರಿಸುತ್ತಾರೆ. ನನ್ನ ಸಲಹೆ, ಮೂವರೂ 30 ಆಂಪ್ ತೆಗೆದುಕೊಳ್ಳಿ. ದೊಡ್ಡ ಗಾಡಿಯವರು ಅಡಾಪ್ಟರ್ ಹಾಕಿಕೊಂಡರೆ ಅವರದ್ದೂ ನಡೆಯುತ್ತದೆ, ಒಂದೇ ಏಸಿ ಓಡುತ್ತದೆ ಅಷ್ಟೇ. ಪೆರ್ರಿಯಲ್ಲಿ ಮಾರ್ಚ್‌ನಲ್ಲಿ ಹಗಲು 70 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಇರುತ್ತದೆ. ಎರಡು ಏಸಿ ಯಾರಿಗೆ ಬೇಕು?

ಗಾಡಿ ಹಿಂದೆ ತೆಗೆಯುವಾಗ ಹತ್ತು ಜನ ಹತ್ತು ಕಡೆಯಿಂದ ‘ಬಾ ಬಾ, ಇನ್ನೂ ಇದೆ’ ಅಂತ ಕೂಗುವುದು ನಮ್ಮವರ ಅಭ್ಯಾಸ. ಅಲ್ಲಿ ಅದು ಬೇಡ. ಜಾಕೆಟ್ ಹಾಕಿದ ಒಬ್ಬರ ಕೈಸನ್ನೆ ಮಾತ್ರ ನೋಡಿ. ಅವರು ಕನ್ನಡಿಯಲ್ಲಿ ಕಾಣದೇ ಹೋದರೆ ಅಲ್ಲೇ ನಿಲ್ಲಿಸಿ.

ಓಡಿಸುವ ಬಗ್ಗೆ ಜಾಸ್ತಿ ಹೆದರಬೇಡಿ. ಆಲ್ಫರೆಟಾದಿಂದ 130 ಮೈಲಿ ಹತ್ತಿರ, ಪೂರ್ತಿ ಹೆದ್ದಾರಿ. ಮೇಕನ್ ಊರೊಳಗೆ ಹೋಗದೆ ಐ-475 ಹಿಡಿಯಿರಿ. ಅಟ್ಲಾಂಟಾ ದಾಟುವುದನ್ನು ಬೆಳಗ್ಗೆ ಹತ್ತರ ಮೇಲೆ ಇಟ್ಟುಕೊಳ್ಳಿ. ಗಾಡಿಯ ಎತ್ತರವನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ. 11–12 ಅಡಿ ಇರುತ್ತದೆ. ಡ್ರೈವ್-ಥ್ರೂನಲ್ಲಿ ಕಾಫಿ ತೆಗೆದುಕೊಳ್ಳುವ ಆಸೆ ಬಿಡಿ. ತಿರುಗುವಾಗ ಹಿಂದಿನ ಚಕ್ರದಾಚೆ ಇರುವ ಬಾಲ ಎದುರು ದಿಕ್ಕಿಗೆ ಹೊರಳುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ ತಾಗುವುದು ಅದೇ.

ನಿಜವಾದ ಚಿಂತೆ ಸೀಟ್ ಬೆಲ್ಟಿನದು. ‘ಆರು ಜನ ಮಲಗಬಹುದು’ ಅಂತ ಜಾಹೀರಾತಿನಲ್ಲಿ ಹಾಕಿದ್ದರೆ ಆರು ಜನ ಕೂತು ಹೋಗಬಹುದು ಅಂತ ಅರ್ಥವಲ್ಲ. ಬೆಲ್ಟ್ ಎಷ್ಟಿದೆ ಅಂತ ಬೇರೆಯಾಗಿ ಕೇಳಿ. ಮಕ್ಕಳ ಕಾರ್ ಸೀಟ್ ಕೂರಿಸುವುದಾದರೆ ಊಟದ ಮೇಜಿನ ಹತ್ತಿರ ಮುಂದಕ್ಕೆ ಮುಖ ಮಾಡಿದ ಸೀಟೇ ಆಗಬೇಕು. ಪಕ್ಕಕ್ಕೆ ಮುಖ ಮಾಡಿದ ಸೋಫಾ ಬೇಡ. ಗಾಡಿ ಓಡುವಾಗ ಅತ್ತೆಯವರು ಎದ್ದು ಫ್ರಿಜ್ ತೆರೆದು ಮಜ್ಜಿಗೆ ಬೆರೆಸುವುದೂ ಬೇಡ. ಸ್ನೇಹಿತರು ಕ್ಲಾಸ್ ಎ ಹಿಂದೆ ಕಾರು ಕಟ್ಟಿಕೊಂಡು ಬರುವವರಾದರೆ ಒಂದು ಕೆಲಸ ಮಾಡಿ. ಕಾರನ್ನು ಕಟ್ಟುವ ಬದಲು ನೀವು ಓಡಿಸಿಕೊಂಡು ಹೋಗಿ, ಅತ್ತೆಯವರನ್ನೂ ಮಕ್ಕಳನ್ನೂ ಕೂರಿಸಿಕೊಳ್ಳಿ. ಮಲಗುವ ಜಾಗಕ್ಕೆ ಬಂದರೆ, ಡ್ರೈವರ್ ತಲೆ ಮೇಲಿನ ಅಟ್ಟ ಮಕ್ಕಳಿಗೆ, ಹಿಂದಿನ ಮಂಚ ಅತ್ತೆಯವರಿಗೆ. ರಾತ್ರಿ ಏಣಿ ಇಳಿದು ಬರುವ ಕಷ್ಟ ಅವರಿಗೆ ಕೊಡಬೇಡಿ.

ಕರೆಂಟಿನ ಲೆಕ್ಕ ನಿಮ್ಮ ಅಡುಗೆಗೆ ನೇರ ಸಂಬಂಧಪಟ್ಟದ್ದು, ಅದಕ್ಕೆ ವಿವರವಾಗಿ ಹೇಳುತ್ತೇನೆ. 30 ಆಂಪ್ ಅಂದರೆ 120 ವೋಲ್ಟ್‌ನಲ್ಲಿ 3,600 ವ್ಯಾಟ್. ಇಡೀ ಗಾಡಿಗೆ ಅಷ್ಟೇ. ಏಸಿ ಸುಮಾರು 13 ಆಂಪ್ ತಿನ್ನುತ್ತದೆ. ಬಿಸಿನೀರಿನ ಹಂಡೆಯನ್ನು ಕರೆಂಟಿಗೆ ಹಾಕಿದ್ದರೆ ಅದಕ್ಕೆ 12. ಅಲ್ಲಿಗೆ 25 ಆಯಿತು. ಈಗ ನೀವು ಅನ್ನಕ್ಕೆ 1,000 ವ್ಯಾಟಿನ ಇನ್‌ಸ್ಟಂಟ್ ಪಾಟ್ ಹಾಕಿದಿರಿ, 8 ಆಂಪ್. ಒಟ್ಟು 33. ಟಪ್ ಅಂತ ಬ್ರೇಕರ್ ಬೀಳುತ್ತದೆ. ಕೆಟಲ್, ಮೈಕ್ರೋವೇವ್, ಹೇರ್ ಡ್ರೈಯರ್ ಎಲ್ಲ 12–13 ಆಂಪ್ ಬೇಡುವ ಪೈಕಿ, 1,800 ವ್ಯಾಟಿನ ಇಂಡಕ್ಷನ್ ಒಲೆಗೆ 15. ದಾರಿ ಸುಲಭ. ಬಿಸಿನೀರನ್ನು ಗ್ಯಾಸಿಗೆ ಬದಲಿಸಿ. ಅಡುಗೆ ಹೊತ್ತಿನಲ್ಲಿ ಏಸಿ ಆರಿಸಿ. ಒಂದು ಸಲಕ್ಕೆ ಬಿಸಿಯಾಗುವ ಯಂತ್ರ ಒಂದೇ ಅಂತ ನಿಯಮ ಮಾಡಿಕೊಂಡರೆ ಲೆಕ್ಕವೇ ಬೇಡ.

50 ಆಂಪ್ ಪ್ಲಗ್‌ನಲ್ಲಿ ಎರಡು ಲೈನು ಇರುವುದರಿಂದ ಒಟ್ಟು 12,000 ವ್ಯಾಟ್ ಸಿಗುತ್ತದೆ. 30ರದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಆದರೂ ನಾನು ಹೇಳಿದ್ದನ್ನು ಬದಲಿಸುವುದಿಲ್ಲ, ಒಟ್ಟಿಗೆ ನಿಲ್ಲುವುದೇ ಮುಖ್ಯ. ಇನ್ನೊಂದು ವಿಷಯ, ಸಂಜೆ ಎಲ್ಲರೂ ಒಟ್ಟಿಗೆ ಏಸಿ, ಒಲೆ ಹಾಕಿದಾಗ ಮೈದಾನದ ಲೈನಿನಲ್ಲಿ ವೋಲ್ಟೇಜ್ ಇಳಿಯುತ್ತದೆ. ಒಳ್ಳೆಯ ಸರ್ಜ್ ಪ್ರೊಟೆಕ್ಟರ್ 104 ವೋಲ್ಟ್ ಆಸುಪಾಸಿನಲ್ಲಿ ತಾನೇ ಕರೆಂಟ್ ಕಡಿದು ಏಸಿಯನ್ನು ಉಳಿಸುತ್ತದೆ. ಬಾಡಿಗೆ ಗಾಡಿಯಲ್ಲಿ ಅದು ಇರುವುದು ಅಪರೂಪ. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ವೋಲ್ಟ್ ಮೀಟರ್ ಒಂದು ತೆಗೆದುಕೊಂಡು ಹೋಗಿ. 110ಕ್ಕಿಂತ ಕೆಳಗೆ ಬಂದರೆ ಏಸಿ ನಿಲ್ಲಿಸಿ.

ಊರಿಂದ ತಂದ ಮಿಕ್ಸಿ ಮನೆಯಲ್ಲೇ ಇರಲಿ. 230 ವೋಲ್ಟಿನ ಮೋಟರು ಇಲ್ಲಿನ 120ರಲ್ಲಿ ತೆವಳುತ್ತದೆ ಅಷ್ಟೇ. ತೆಂಗಿನಕಾಯಿ ಚಟ್ನಿ, ಹುಳಿಗೆ ರುಬ್ಬಿದ ಮಸಾಲೆ ಎಲ್ಲ ಮನೆಯಲ್ಲೇ ಮಾಡಿ, ಸಣ್ಣ ಸಣ್ಣ ಡಬ್ಬದಲ್ಲಿ ಫ್ರೀಜ್ ಮಾಡಿ ಒಯ್ಯಿರಿ.

ಗಾಡಿಯೊಳಗೆ ಒಗ್ಗರಣೆ ಹಾಕುವುದಕ್ಕೆ ಒಂದು ಕ್ರಮ ಇದೆ. ಮೊದಲು ಚಾವಣಿಯ ಫ್ಯಾನ್ ತೆರೆದು ಹೊರಗೆ ಎಳೆಯುವಂತೆ ಓಡಿಸಿ. ಒಲೆ ಪಕ್ಕದ ಕಿಟಕಿ ಎರಡು ಬೆರಳು ತೆಗೆಯಿರಿ. ಆಮೇಲೆ ಎಣ್ಣೆ ಕಾಯಲಿ. ಸಾಸಿವೆ, ಒಣಮೆಣಸಿನಕಾಯಿ ಬಿದ್ದ ತಕ್ಷಣ ಬಾಣಲೆಗೆ ಮುಚ್ಚಳ. ಇದನ್ನು ಉಲ್ಟಾ ಮಾಡಿ, ಘಾಟು ಎದ್ದ ಮೇಲೆ ಫ್ಯಾನ್ ಹುಡುಕಿದರೆ ಹೊಗೆಯ ಅಲಾರಂ ಕಿರುಚುತ್ತದೆ, ಅಕ್ಕಪಕ್ಕದ ನಾಲ್ಕು ಗಾಡಿಯವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬರುತ್ತಾರೆ. ನಿಜವಾಗಿಯೂ ಬರುತ್ತಾರೆ. ನೆಲದ ಹತ್ತಿರ ಇನ್ನೊಂದು ಅಲಾರಂ ಇರುತ್ತದೆ, ಅದು ಗ್ಯಾಸಿನದು. ಪ್ರೊಪೇನ್ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ, ಅದಕ್ಕೆ ಅಲಾರಂ ಕೆಳಗಿದೆ. ಅದು ಕೂಗಿದರೆ ಮಾತ್ರ ಒಗ್ಗರಣೆ ಅಂತ ತಳ್ಳಿಹಾಕಬೇಡಿ. ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಇಳಿಸಿ, ಹೊರಗಿರುವ ಗ್ಯಾಸ್ ವಾಲ್ವ್ ಮುಚ್ಚಿ.

ಕರಿಯುವುದು ಗಾಡಿಯೊಳಗೆ ಬೇಡವೇ ಬೇಡ. ಎಣ್ಣೆಯ ಹಬೆ ಪರದೆ, ಸೋಫಾ, ಗೋಡೆಯ ಬಟ್ಟೆಗೆ ಕೂತರೆ ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ಬಾಡಿಗೆಯವರು ಕ್ಲೀನಿಂಗ್ ಅಂತ ಡಿಪಾಸಿಟ್ ಹಿಡಿದುಕೊಳ್ಳುತ್ತಾರೆ. ಬೋಂಡಾ ಆಸೆಯಾದರೆ ಹೊರಗೆ ಮೇಜು ಹಾಕಿ ಸಣ್ಣ ಗ್ಯಾಸ್ ಒಲೆ ಇಡಿ. ಬೆಳಗ್ಗೆ ಆರೂವರೆಗೆ ಕುಕ್ಕರ್ ಮೂರು ವಿಷಲ್ ಹಾಕಿಸುವುದೂ ಬೇಡ, ಅಕ್ಕಪಕ್ಕದವರು ಮಲಗಿರುತ್ತಾರೆ. ರಾತ್ರಿ ಹತ್ತರಿಂದ ಬೆಳಗಿನವರೆಗೆ ಸದ್ದು ಮಾಡಬಾರದು, ಜನರೇಟರ್ ಓಡಿಸಬಾರದು ಅಂತ ಸಾಮಾನ್ಯವಾಗಿ ಎಲ್ಲ ರ‍್ಯಾಲಿಗಳಲ್ಲೂ ನಿಯಮ ಇರುತ್ತದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಅಲ್ಲಿನ ತಿಂಡಿ ಮಾರುವ ಅಂಗಡಿಗಳನ್ನು ನಂಬಬೇಡಿ. ಆಲೂ ಫ್ರೈಸ್, ಫನಲ್ ಕೇಕ್ ತಿಂದು ನಾಲ್ಕು ದಿನ ಇರಲಾಗುವುದಿಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಚಪಾತಿ, ಮೊಸರು ಇದ್ದರೆ ಯುದ್ಧ ಗೆದ್ದ ಹಾಗೆ. ಶಾಖೆಯವರ ಪಾಟ್‌ಲಕ್ ಊಟಕ್ಕೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಊಟಕ್ಕೆ, ಕರೆದರೆ ಖಂಡಿತ ಹೋಗಿ. ಚಿತ್ರಾನ್ನ ಒಯ್ಯಿರಿ, ಖಾರ ಅರ್ಧ ಮಾಡಿ. ಒಂದು ಚೀಟಿಯಲ್ಲಿ ‘ಕಡಲೆಕಾಯಿ ಇದೆ’ ಅಂತ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಪಾತ್ರೆ ಮುಂದೆ ಇಡಿ. ಅಲರ್ಜಿ ಇರುವವರು ಇರುತ್ತಾರೆ, ಹಳದಿ ಅನ್ನದಲ್ಲಿ ಕಡಲೆಕಾಯಿ ಇರಬಹುದು ಅಂತ ಅವರಿಗೆ ಹೊಳೆಯುವುದಿಲ್ಲ.

ನೀರು, ಟಾಯ್ಲೆಟ್. ಗಾಡಿಯಲ್ಲಿ ಮೂರು ಟ್ಯಾಂಕ್. ಒಳ್ಳೆಯ ನೀರಿನದು, ಸಿಂಕು-ಸ್ನಾನದ ನೀರಿನದು, ಟಾಯ್ಲೆಟಿನದು. ಬಾಡಿಗೆ ಕ್ಲಾಸ್ ಸಿ ಗಾಡಿಯಲ್ಲಿ ಒಂದೊಂದೂ ಸಾಮಾನ್ಯವಾಗಿ 30ರಿಂದ 45 ಗ್ಯಾಲನ್. 40 ಗ್ಯಾಲನ್ ಅಂದರೆ 150 ಲೀಟರ್. ಐದು ಜನಕ್ಕೆ ಏನೂ ಅಲ್ಲ. ರ‍್ಯಾಲಿ ಮೈದಾನದಲ್ಲಿ ಪ್ರತಿ ಗಾಡಿಗೂ ಡ್ರೈನೇಜ್ ಪೈಪ್ ಇರುತ್ತದೆ ಅಂತ ಎಣಿಸಬೇಡಿ. ಮೊದಲು ತುಂಬುವುದು ಸಿಂಕಿನ ಟ್ಯಾಂಕ್. ಷವರ್ ನಿಮಿಷಕ್ಕೆ ಸುಮಾರು 2 ಗ್ಯಾಲನ್ ಸುರಿಸುತ್ತದೆ. ಒಬ್ಬರು ಹತ್ತು ನಿಮಿಷ ನಿಂತರೆ ಅರ್ಧ ಟ್ಯಾಂಕ್ ಮುಗಿಯಿತು. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ತೆಗೆಯಬೇಕು. ಅತ್ತೆಯವರಿಗೆ ಇದು ಹೇಳಿಕೊಡಬೇಕಾಗಿಲ್ಲ, ಬಕೆಟ್ಟು ಚೊಂಬು ಕೊಟ್ಟರೆ ಎಲ್ಲರಿಗಿಂತ ಕಡಿಮೆ ನೀರಲ್ಲಿ ಮುಗಿಸುತ್ತಾರೆ. ಅಕ್ಕಿ ತೊಳೆದ ನೀರು, ಗಂಜಿ, ಎಣ್ಣೆ ಜಿಡ್ಡು ಸಿಂಕಿಗೆ ಬಿಡಬೇಡಿ, ಟ್ಯಾಂಕ್ ನಾರುತ್ತದೆ. ಪಾತ್ರೆಯನ್ನು ಪೇಪರ್ ಟವೆಲ್‌ನಿಂದ ಒರೆಸಿ ಆಮೇಲೆ ತೊಳೆಯಿರಿ. ಆ ನೀರನ್ನು ಹುಲ್ಲಿಗೆ ಚೆಲ್ಲುವಂತಿಲ್ಲ.

ಟಾಯ್ಲೆಟಿನಲ್ಲಿ ನೀರು ಬಳಸುವ ನಮ್ಮ ಪದ್ಧತಿ ಗಾಡಿಗೆ ಒಳ್ಳೆಯದೇ. ಟ್ಯಾಂಕಿನಲ್ಲಿ ನೀರು ಕಡಿಮೆ, ಕಾಗದ ಜಾಸ್ತಿ ಆದಾಗಲೇ ಅದು ಕಟ್ಟಿಕೊಳ್ಳುವುದು. ನೀರು ಇದ್ದರೆ ಸಲೀಸಾಗಿ ಹೋಗುತ್ತದೆ. ಪಕ್ಕದಲ್ಲಿ ಒಂದು ಮಗ್ ಇಡಿ, ಕಾಲಲ್ಲಿ ಒತ್ತುವ ಪೆಡಲ್ ಹೇಗೆ ಅಂತ ಅತ್ತೆಯವರಿಗೆ ಮನೆ ಮುಂದೆಯೇ ತೋರಿಸಿಬಿಡಿ. ಆದರೆ ಟ್ಯಾಂಕ್ ಬೇಗ ತುಂಬುವುದೂ ನಿಜ. ಹಗಲು ಹೊತ್ತು ಫೇರ್‌ಗ್ರೌಂಡ್ಸ್‌ನ ಕಟ್ಟಡಗಳ ಶೌಚಾಲಯ ಬಳಸಿ. ತುಂಬಿದರೆ ದುಡ್ಡು ಕೊಟ್ಟು ಖಾಲಿ ಮಾಡಿಸಲು ಟ್ಯಾಂಕರ್ ಬರುವ ವ್ಯವಸ್ಥೆ ಇದೆಯಾ ಅಂತ ನೋಂದಣಿ ಮಾಡುವಾಗಲೇ ಕೇಳಿ. ಸ್ನೇಹಿತರ ಗಾಡಿಯ ಟಾಯ್ಲೆಟನ್ನು ತುರ್ತು ಇಲ್ಲದೆ ಬಳಸಬೇಡಿ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಲೆಕ್ಕ ಇಡುತ್ತಿರುತ್ತಾರೆ.

ಇದೆಲ್ಲ ರ‍್ಯಾಲಿಯಲ್ಲೇ ಮೊದಲ ಸಲ ಮಾಡುವ ಹಾಗಾಗಬಾರದು. ಸ್ನೇಹಿತರ ಗಾಡಿಯಲ್ಲಿ ಒಂದು ರಾತ್ರಿ ಹತ್ತಿರದ ಕ್ಯಾಂಪ್‌ಗ್ರೌಂಡ್‌ನಲ್ಲಿ ಕಳೆಯಿರಿ. ಅವರಿಗೂ ನಿಮ್ಮ ಜತೆ ಇರುವುದು ಹೇಗೆ ಅಂತ ಗೊತ್ತಾಗಲಿ.

ಹವಾಮಾನದ ಬಗ್ಗೆ ಎರಡು ಮಾತು. ಬೆಳಗಿನ ಜಾವ ಚಳಿ ಇರುತ್ತದೆ, ಅತ್ತೆಯವರಿಗೆ ಸ್ವೆಟರ್, ಕಾಲುಚೀಲ ಬೇಕು. ಪೈನ್ ಮರದ ಹಳದಿ ಪರಾಗ ಎಲ್ಲದರ ಮೇಲೂ ಕೂರುವ ಕಾಲ, ಅಲರ್ಜಿ ಮಾತ್ರೆ ಇಟ್ಟುಕೊಳ್ಳಿ. ಜಾರ್ಜಿಯಾದಲ್ಲಿ ಸುಂಟರಗಾಳಿ ಜಾಸ್ತಿ ಬರುವುದೂ ಮಾರ್ಚ್‌ನಿಂದ ಮೇವರೆಗೆ. ಎಚ್ಚರಿಕೆ ಬಂದರೆ ಗಾಡಿಯೊಳಗೆ ಕೂರಬಾರದು. ತಲುಪಿದ ದಿನವೇ ಹತ್ತಿರದ ಗಟ್ಟಿ ಕಟ್ಟಡ ಯಾವುದು ಅಂತ ನೋಡಿಟ್ಟು, ಮಕ್ಕಳಿಗೂ ತೋರಿಸಿ. ಗಾಡಿಯ ಪಕ್ಕದ ನೆರಳುಬಟ್ಟೆಯನ್ನು ಹೊರಗೆ ಹೋಗುವಾಗ, ಮಲಗುವಾಗ ಒಳಗೆ ಸುತ್ತಿಡಿ. ಒಂದು ಜೋರು ಗಾಳಿಗೆ ಕಿತ್ತು ಹೋಗುತ್ತದೆ. ಬಾಡಿಗೆಯ ಇನ್ಶೂರೆನ್ಸ್‌ನಲ್ಲಿ ಅದನ್ನು ಹೊರಗಿಟ್ಟಿರುವುದು ಸಾಮಾನ್ಯ, ಕಾಗದ ಓದಿ ನೋಡಿ.

ಈಗ ನಿಮ್ಮ ಯಜಮಾನರಿಗೆ. ಡೀಲರ್‌ಗಳ ಸಾಲಿನಲ್ಲಿ ‘ರ‍್ಯಾಲಿ ರೇಟು, ನಾಳೆ ಇರಲ್ಲ’ ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ಸಹಿ ಹಾಕಿ ಮೂರು ದಿನದಲ್ಲಿ ಬೇಡ ಅಂದರೆ ವಾಪಸು ಮಾಡಬಹುದು ಅಂತ ನಮ್ಮವರಲ್ಲಿ ಒಂದು ನಂಬಿಕೆ ಇದೆ. ಫೆಡರಲ್ ಟ್ರೇಡ್ ಕಮಿಷನ್ನಿನ ಆ ಮೂರು ದಿನದ ನಿಯಮ ಮೋಟರು ಗಾಡಿಗಳಿಗೆ ಅನ್ವಯಿಸುವುದಿಲ್ಲ. ಬೇರೆಲ್ಲೋ ಕಾಯಂ ಶೋರೂಮ್ ಇರುವ ಡೀಲರ್ ರ‍್ಯಾಲಿಯಂಥ ತಾತ್ಕಾಲಿಕ ಜಾಗದಲ್ಲಿ ಮಾರಿದರೂ ಅಷ್ಟೇ. ಸಹಿ ಹಾಕಿದರೆ ಗಾಡಿ ನಿಮ್ಮದು, ಸಾಲವೂ ನಿಮ್ಮದು. ಚೆಕ್‌ಬುಕ್ಕು ಆಲ್ಫರೆಟಾದಲ್ಲೇ ಇರಲಿ.

ಅದರ ಬದಲು ನಿಲ್ಲಿಸಿದ ಗಾಡಿಗಳ ನಡುವೆ ಸಂಜೆ ಸುತ್ತಾಡಿ. ಹೊರಗೆ ಕುರ್ಚಿ ಹಾಕಿ ಕೂತವರು ಮಾತಿಗೆ ಸಿದ್ಧ ಅಂತ ಅರ್ಥ. ಬಾಗಿಲು ಹಾಕಿಕೊಂಡವರನ್ನು ಬಿಟ್ಟುಬಿಡಿ. ಇನ್ನೊಬ್ಬರ ಜಾಗದ ನಡುವೆ ದಾಟಿ ಹೋಗಬೇಡಿ, ಸುತ್ತಿಕೊಂಡು ಹೋಗಿ. ಎಲ್ಲಿಂದ ಬಂದಿರಿ, ಗಾಡಿ ಯಾವ ವರ್ಷದ್ದು, ಮತ್ತೆ ಕೊಳ್ಳುವುದಾದರೆ ಏನು ಬದಲಿಸುತ್ತೀರಿ ಅಂತ ಕೇಳಿ. ಮೂರನೇ ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಬರುತ್ತದೆ. ಎಷ್ಟು ಕೊಟ್ಟಿರಿ ಅಂತ ಮಾತ್ರ ಅವರಾಗಿ ಹೇಳದೆ ಕೇಳಬೇಡಿ. ಒಳಗೆ ಕರೆದರೆ ಚಪ್ಪಲಿ ಬಿಟ್ಟು ಹತ್ತಿ, ತುಂಬಾ ಖುಷಿಪಡುತ್ತಾರೆ.

ಟೈರು ನೋಡುವುದನ್ನು ಅಲ್ಲೇ ಕಲಿಯಬಹುದು. ಟೈರಿನ ಪಕ್ಕದಲ್ಲಿ DOT ಅಂತ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು ಅಂತ ಲೆಕ್ಕ. ಮೋಟರ್‌ಹೋಮ್ ಓಡುವುದಕ್ಕಿಂತ ನಿಂತಿರುವುದೇ ಹೆಚ್ಚು. ಹಾಗಾಗಿ ಮೇಲಿನ ಗೀರುಗಳು ಸವೆಯದೆ ಹೊಸದರಂತೆ ಇದ್ದರೂ ರಬ್ಬರ್ ಒಳಗೇ ಒಣಗಿರುತ್ತದೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಿ, ಏಳರ ಹೊತ್ತಿಗೆ ಬದಲಿಸಿ ಅಂತ ನಾನು ಹೇಳುತ್ತೇನೆ. ನಿಮ್ಮ ಸ್ನೇಹಿತರ ಸೆಕೆಂಡ್ ಹ್ಯಾಂಡ್ ಕ್ಲಾಸ್ ಸಿ ಟೈರನ್ನು ಹೊರಡುವ ಮುಂಚೆಯೇ ನೋಡಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಚಕ್ರ ಚಕ್ರಕ್ಕೂ ಬೇರೆ ಬೇರೆ ತೂಕ ಹಾಕುವ ಸೌಲಭ್ಯ ಕೆಲವು ರ‍್ಯಾಲಿಗಳಲ್ಲಿ ಇರುತ್ತದೆ. ಇದ್ದರೆ ಆ ಸ್ನೇಹಿತರು ಮಾಡಿಸಲಿ. ಬಹಳಷ್ಟು ಕ್ಲಾಸ್ ಸಿ ಗಾಡಿಗಳು ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದವು. ಅದರ ಮಿತಿ ಗಾಡಿಯ ತೂಕ, ಜನ, ನೀರು, ಸಾಮಾನು ಎಲ್ಲ ಸೇರಿ 14,500 ಪೌಂಡ್. 40 ಗ್ಯಾಲನ್ ನೀರೇ 330 ಪೌಂಡ್ ತೂಗುತ್ತದೆ. ಅಕ್ಕಿ ಮೂಟೆ, ಗ್ರೈಂಡರ್ ಎಲ್ಲ ಒಂದೇ ಕಡೆ ಹೇರಿದರೆ ಆ ಕಡೆಯ ಟೈರೇ ಮೊದಲು ಸಿಡಿಯುವುದು.

ಜಗಳದ ಪ್ರಶ್ನೆ. ಮೂರು ಸಂಸಾರ ಹಗಲು ರಾತ್ರಿ ಒಟ್ಟಿಗೇ ಇರಬೇಕು ಅಂತ ಹೊರಟರೆ ಜಗಳ ಗ್ಯಾರಂಟಿ. ಹಗಲು ಅವರವರ ದಾರಿ, ಸಂಜೆ ಆರಕ್ಕೆ ಎಲ್ಲರೂ ಸೇರೋಣ ಅಂತ ಮೊದಲೇ ಹೇಳಿಕೊಳ್ಳಿ. ಪೆಟ್ರೋಲ್, ನೋಂದಣಿ ಅವರವರದ್ದು. ಊಟ ಸರದಿ ಪ್ರಕಾರ, ಒಂದು ಹೊತ್ತು ಒಂದು ಗಾಡಿ. ಸರದಿ ಅಂದರೆ ಗಾಡಿಯ ಸರದಿ, ಹೆಂಗಸರ ಸರದಿ ಅಂತಲ್ಲ. ನಮ್ಮ ಗುಂಪುಗಳಲ್ಲಿ ನಾನು ನೋಡುವುದು ಇದೇ. ಗಂಡಸರು ಬ್ಯಾಟರಿ ಸೆಮಿನಾರಿನಲ್ಲಿ ಕೂತಿರುತ್ತಾರೆ, ಮೂವರು ಹೆಂಗಸರು ಎರಡಡಿ ಅಡುಗೆಕಟ್ಟೆಯ ಮುಂದೆ ಈರುಳ್ಳಿ ಹೆಚ್ಚುತ್ತಿರುತ್ತಾರೆ. ವಾಪಸು ಬಂದ ಮೇಲೆ ಮೋಟರ್‌ಹೋಮ್ ಅಂದರೆ ಅವರಿಗೆ ಅಲರ್ಜಿ.

ನೀವು ಗಾಡಿ ಓಡಿಸುವ ತರಗತಿಗೆ ಹೆಸರು ಕೊಡಿ. ತಮಾಷೆಗೆ ಹೇಳುತ್ತಿಲ್ಲ. ದಾರಿಯಲ್ಲಿ ಓಡಿಸುವವರಿಗೆ ಎದೆನೋವು ಬಂದರೆ ಪಕ್ಕದಲ್ಲಿ ಕೂತವರಿಗೆ ಗಾಡಿ ನಿಲ್ಲಿಸುವುದಾದರೂ ಗೊತ್ತಿರಬೇಕು. ಸ್ನೇಹಿತರ ಕ್ಲಾಸ್ ಎ ಡೀಸೆಲ್ ಆಗಿದ್ದು ಏರ್ ಬ್ರೇಕ್ ಇದ್ದರೆ, ಡ್ರೈವರ್ ಹತ್ತಿರ ಒಂದು ಹಳದಿ ಗುಂಡಿ ಇರುತ್ತದೆ. ಎಳೆದರೆ ಪಾರ್ಕಿಂಗ್ ಬ್ರೇಕ್ ಬೀಳುತ್ತದೆ, ಒತ್ತಿದರೆ ಬಿಡುತ್ತದೆ. ಅವರ ಮನೆಯವರಿಗೆ ಇದು ಗೊತ್ತಿದೆಯಾ ಅಂತ ಕೇಳಿ ನೋಡಿ.

ರಿಟೈರ್ ಆದವರೇ ಇರುತ್ತಾರೆ ಅಂದಿರಲ್ಲ, ಹೆಚ್ಚಿನವರು ಹೌದು. ಅದರಲ್ಲಿ ನಿಮಗೇನು ತೊಂದರೆ? ನಾಲ್ಕು ದಿನ ಪುರುಸೊತ್ತಾಗಿ ಮಾತಾಡುವವರು ಬೇರೆ ಎಲ್ಲಿ ಸಿಗುತ್ತಾರೆ? ನಿಮ್ಮ ಐದು ಜನರಲ್ಲಿ ಅಲ್ಲಿ ಬೇಗ ಹೊಂದಿಕೊಳ್ಳುವವರು ಅತ್ತೆಯವರೇ ಅಂತ ನನ್ನ ಅಂದಾಜು. ಹೊರಗೆ ಕುರ್ಚಿ ಹಾಕಿಕೊಂಡು ಹೂಬತ್ತಿ ಹೊಸೆಯುತ್ತಾ ಕೂತರೆ ಪಕ್ಕದ ಗಾಡಿಯ ಅಜ್ಜಿ ತನ್ನ ಹೆಣಿಗೆ ಹಿಡಿದುಕೊಂಡು ಬಂದೇ ಬರುತ್ತಾಳೆ. ಆದರೆ ಆ ಬತ್ತಿಯನ್ನು ಗಾಡಿಯೊಳಗೆ ಹಚ್ಚಬೇಡಿ, ಊದುಬತ್ತಿಯೂ ಬೇಡ. ಬ್ಯಾಟರಿ ದೀಪ ಒಂದು ಒಯ್ಯಿರಿ.

ಕೊನೆಗೆ ಶಾಲೆ. ದೊಡ್ಡ ರ‍್ಯಾಲಿಗಳು ವಾರದ ನಡುವೆ ಶುರುವಾಗುತ್ತವೆ. ನಿಮ್ಮ ಕಡೆಯ ಸ್ಪ್ರಿಂಗ್ ಬ್ರೇಕ್ ರಜೆ ಸಾಮಾನ್ಯವಾಗಿ ಏಪ್ರಿಲ್ ಮೊದಲ ವಾರ, ರ‍್ಯಾಲಿ ಮಾರ್ಚ್ ನಡುವೆ. ಮಕ್ಕಳಿಗೆ ಶಾಲೆ ತಪ್ಪಿಸುವ ಮನಸ್ಸಿಲ್ಲದಿದ್ದರೆ ಬಾಡಿಗೆ ಗಾಡಿಯನ್ನೇ ಬಿಟ್ಟುಬಿಡಿ. ಯಜಮಾನರು ಸ್ನೇಹಿತರ ಗಾಡಿಯಲ್ಲಿ ಮೊದಲ ದಿನವೇ ಹೋಗಲಿ. ನೀವು ಶುಕ್ರವಾರ ಸಂಜೆ ಮಕ್ಕಳು, ಅತ್ತೆಯವರ ಜತೆ ಕಾರಿನಲ್ಲಿ ಹೋಗಿ ಪೆರ್ರಿಯಲ್ಲೇ ಹೋಟೆಲ್ ಮಾಡಿ, ಶನಿವಾರ ಇಡೀ ದಿನ ರ‍್ಯಾಲಿ ನೋಡಿ. ದಿನದ ಪಾಸ್ ಶನಿವಾರವೂ ಸಿಗುತ್ತದಾ ಅಂತ ಮಾತ್ರ ಅದೇ ಫೋನಿನಲ್ಲಿ ಕೇಳಿಬಿಡಿ. ಹೋಟೆಲ್ ಈಗಲೇ ಬುಕ್ ಮಾಡಿ, ಸಣ್ಣ ಊರು, ರ‍್ಯಾಲಿ ವಾರದಲ್ಲಿ ಬೇಗ ತುಂಬುತ್ತದೆ.